ಬಂಗಾರದ ದಿನಗಳ ಬಿಲ್ ಕಟ್ಟಿದವರು ಯಾರು?

ಧನುರ್ಮಾಸದಲ್ಲಿ ಮದುವೆಗಳಿಲ್ಲ. ಛತ್ರಗಳು ಖಾಲಿ. ಬಾಡಿಗೆಯಲ್ಲಿ ಚೌಕಾಸಿಗೂ ಅವಕಾಶವಿದೆ. ಹಾಗಾಗಿ ನಮ್ಮ ನಾಡಿನಲ್ಲಿ ಗುರುಭಕ್ತಿ ಉಕ್ಕುವುದು ಆಗಲೇ.

ವೇದಿಕೆಯ ಹಿಂದೆ ಫ್ಲೆಕ್ಸು. ಅದರಲ್ಲಿ ‘1986-89ರ ಬಿ.ಎ. ತಂಡದಿಂದ ಗುರುವಂದನೆ ಮತ್ತು ಸ್ನೇಹ ಸಮ್ಮಿಲನ’. ಮೇಷ್ಟ್ರ ಫೋಟೋಗಿಂತ ಪ್ರಾಯೋಜಕನ ಫೋಟೋ ದೊಡ್ಡದು. ಎಂಬತ್ತು ದಾಟಿದ ಮೇಷ್ಟ್ರಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಜೊತೆಗೆ ಮನೆಯಲ್ಲಿ ಇಡಲು ಜಾಗವಿಲ್ಲದ ಗಾಜಿನ ಫಲಕ. ಕಾಲಿಗೆ ಬೀಳುತ್ತಿರುವ ಮಹಾಶಯ, ಅಂದು ಅವರು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಕಾಗದದ ರಾಕೆಟ್ ಬಿಟ್ಟವನು. ಅದನ್ನೇ ಮೈಕಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾನೆ. ಮೇಷ್ಟ್ರು ನಗುತ್ತಾರೆ. ಬೇರೆ ದಾರಿಯಿಲ್ಲ, ಪೇಟ ಆಗಲೇ ತಲೆಯ ಮೇಲೆ ಕೂತಿದೆ.

ಆಮೇಲೆ ಶುರು. ‘ನಾವು ಕ್ಲಾಸಿಗೆ ಹೋದದ್ದೇ ಕಡಿಮೆ ಸಾರ್!’ ಇದು ತಪ್ಪೊಪ್ಪಿಗೆಯಲ್ಲ, ಪರಾಕ್ರಮ. ಪ್ರಾಕ್ಸಿ ಹಾಕಿದ್ದು, ಮಾರ್ನಿಂಗ್ ಶೋಗೆ ಓಡಿದ್ದು, ಕ್ಯಾಂಟೀನಿನಲ್ಲಿ ಸಾಲ ಹೇಳಿ ಕೈಯೆತ್ತಿದ್ದು, ಲಾಸ್ಟ್ ಬೆಂಚಿನವರೇ ಉದ್ಧಾರವಾದದ್ದು. ಕ್ಯಾಂಟೀನಿನವನು ಉದ್ಧಾರವಾದನೋ ಇಲ್ಲವೋ, ಯಾರೂ ಕೇಳಲಿಲ್ಲ.

ಇದೇ ಪರಾಕ್ರಮಿ ಮಗನನ್ನು ಸೇರಿಸಿದ್ದು ಎಂಥ ಕಾಲೇಜಿಗೆ? ಬೆಳಿಗ್ಗೆ ಪಿಯುಸಿ ಪಾಠ, ಮಧ್ಯಾಹ್ನ ಸಿಇಟಿ, ರಾತ್ರಿ ನೀಟ್. ಒಂದು ಪೀರಿಯಡ್ ತಪ್ಪಿದರೆ ಅಪ್ಪನ ಮೊಬೈಲಿಗೆ ಮೆಸೇಜು. ಕಾರಿಡಾರಿನಲ್ಲಿ ಕ್ಯಾಮೆರಾ. ಹುಡುಗರಿಗೆ ಒಂದು ಮೆಟ್ಟಿಲು, ಹುಡುಗಿಯರಿಗೆ ಇನ್ನೊಂದು. ಹೊರಗೆ ಬಿಡುವುದಿಲ್ಲ ಎಂಬ ಒಂದೇ ಭರವಸೆಗೆ ಲಕ್ಷಗಟ್ಟಲೆ ಕಟ್ಟಿದ್ದಾನೆ. ತಾನು ಗೋಡೆ ಹಾರಿದ ಕಥೆ ಹೇಳುತ್ತಲೇ ಮಗನಿಗೆ ಗೋಡೆ ಎತ್ತರಿಸಿ ಬಂದಿದ್ದಾನೆ.

ಇರಲಿ, ಮಕ್ಕಳ ವಿಷಯದಲ್ಲಿ ಎಲ್ಲರೂ ಹೇಡಿಗಳೇ. ನನಗೆ ಮೈ ಉರಿಯುವುದು ಊಟದ ಹೊತ್ತಿನ ಮಾತಿಗೆ.

ಹೋಳಿಗೆ ಮೇಲೆ ತುಪ್ಪ ಬಿದ್ದದ್ದೇ ತಡ, ‘ಈ ಬಿಟ್ಟಿ ಭಾಗ್ಯಗಳಿಂದ ದೇಶ ಹಾಳಾಯಿತು’ ಎಂಬ ಪ್ರವಚನ. ಹೇಳುತ್ತಿರುವವನು ಯಾರು? ಸರ್ಕಾರಿ ಹಾಸ್ಟೆಲಿನಲ್ಲಿ ಮೂರು ವರ್ಷ ಮುದ್ದೆ ಮುರಿದವನು. ವರ್ಷಕ್ಕೆ ಕೆಲವು ನೂರು ರೂಪಾಯಿ ಫೀಸಿನಲ್ಲಿ ಪದವಿ ಮುಗಿಸಿದವನು. ರಿಯಾಯಿತಿ ಪಾಸಿನಲ್ಲಿ ಕೆಂಪು ಬಸ್ಸು ಹತ್ತಿದವನು. ಸ್ಕಾಲರ್‌ಶಿಪ್ ಬಂದ ದಿನ ಗೆಳೆಯರಿಗೆಲ್ಲ ಮಸಾಲೆ ದೋಸೆ ಕೊಡಿಸಿದವನು. ಆ ಮುದ್ದೆಗೆ ಯಾರು ದುಡ್ಡು ಕೊಟ್ಟರು? ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ತೆತ್ತ ಕೂಲಿಯವರು. ಅವರ ಮೊಮ್ಮಗಳು ಈಗ ಬಸ್ಸಿನಲ್ಲಿ ಟಿಕೆಟ್ ಕೊಳ್ಳದೆ ಕಾಲೇಜಿಗೆ ಹೋದರೆ ಇವರಿಗೆ ಆರ್ಥಿಕ ಶಿಸ್ತು ನೆನಪಾಗುತ್ತದೆ. ತಾನು ತಿಂದದ್ದು ಹಕ್ಕು, ಇನ್ನೊಬ್ಬರು ತಿಂದದ್ದು ಬಿಟ್ಟಿ.

ಇನ್ನೊಬ್ಬನಿದ್ದಾನೆ. ಅಂದಿನ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಬಸ್ ದರ ಏರಿದರೆ ಸ್ಟ್ರೈಕು, ಪರೀಕ್ಷೆ ಮುಂದೂಡದಿದ್ದರೆ ಸ್ಟ್ರೈಕು, ಮಳೆ ಬಂದರೂ ಸ್ಟ್ರೈಕು. ಆ ಭಾಷಣದ ಕಸುವಿನಲ್ಲೇ ಮುಂದೆ ಪಕ್ಷ ಸೇರಿದ, ಸೈಟು ಮಾಡಿದ. ಈಗ ಅವನ ಉಪದೇಶ, ‘ವಿದ್ಯಾರ್ಥಿಗಳಿಗೆ ರಾಜಕೀಯ ಬೇಡ, ಓದಲಿ.’

ಬೇಡ ಎಂದು ಎಂದೋ ತೀರ್ಮಾನವಾಗಿದೆ ಬಿಡಿ. 1989ರಲ್ಲಿ ದೇಶದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತುಹೋಯಿತು. ಪ್ರಧಾನಿಯನ್ನು ಆರಿಸುವಷ್ಟು ಬುದ್ಧಿ ಇದೆ, ಕ್ಯಾಂಟೀನ್ ಸಮಿತಿಗೆ ಒಬ್ಬನನ್ನು ಆರಿಸುವಷ್ಟು ಇಲ್ಲ. ಗೂಂಡಾಗಿರಿಯಾಗುತ್ತದೆ ಎಂದರು. ಗೂಂಡಾಗಿರಿಗೆ ಹೆದರಿ ನಿಲ್ಲಿಸುವುದಾದರೆ ನಾವು ವಿಧಾನಸಭೆ ಚುನಾವಣೆ ನಡೆಸುತ್ತಿದ್ದೆವೇ? ವಿದ್ಯಾರ್ಥಿ ಚುನಾವಣೆಗಳನ್ನು ಪರಿಶೀಲಿಸಿದ ಲಿಂಗ್ಡೋ ಸಮಿತಿ ಚುನಾವಣೆ ನಡೆಸಿ ಎಂದಿತು, ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿ ಮಿತಿ ಹಾಕಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ನಮ್ಮ ನಾಯಕರಿಗೆ ಆ ಮೊತ್ತ ಕೇಳಿಯೇ ಗಾಬರಿಯಾಗಿರಬೇಕು. ಅವರ ಚುನಾವಣೆಯಲ್ಲಿ ಅದು ಒಂದು ಬೀದಿಯ ಬಾಡೂಟಕ್ಕೂ ಸಾಲದು.

ಸಂಘವಿಲ್ಲದಿದ್ದರೆ ಏನಾಗುತ್ತದೆ? 2021ರಲ್ಲಿ ಹೊಸ ಶಿಕ್ಷಣ ನೀತಿಯ ಹೆಸರಿನಲ್ಲಿ ಪದವಿಗೆ ನಾಲ್ಕು ವರ್ಷ ಎಂದರು, ದೇಶದಲ್ಲೇ ನಾವೇ ಮೊದಲು ಎಂದು ಬೆನ್ನು ತಟ್ಟಿಕೊಂಡರು. 2024ರಲ್ಲಿ ಮತ್ತೆ ಮೂರೇ ಎಂದರು. ಸರ್ಕಾರ ಬದಲಾಯಿತು, ಸಿಲೆಬಸ್ ಬದಲಾಯಿತು. ನಡುವೆ ಸಿಕ್ಕಿಬಿದ್ದ ಹುಡುಗರನ್ನು ಯಾರಾದರೂ ಒಂದು ಮಾತು ಕೇಳಿದರೇ? ಕೇಳೋಣವೆಂದರೆ ಅವರ ಪರವಾಗಿ ಆರಿಸಿ ಬಂದವರು ಒಬ್ಬರೂ ಇಲ್ಲ. ಎಷ್ಟು ಅನುಕೂಲ!

‘ನಮ್ಮ ಕಾಲದಲ್ಲಿ ಜಾತಿಗೀತಿ ಗೊತ್ತೇ ಇರಲಿಲ್ಲ ಕಣಯ್ಯ.’ ಪ್ರತಿ ಸಮ್ಮಿಲನದಲ್ಲೂ ಈ ಡೈಲಾಗು ಕಡ್ಡಾಯ. ಹೇಳಿದವನು ಉಳಿದುಕೊಂಡಿದ್ದು ಸ್ವಜಾತಿಯ ಹಾಸ್ಟೆಲಿನಲ್ಲಿ. ಗೊತ್ತಾಗುವ ಪ್ರಮೇಯವೇ ಬರಲಿಲ್ಲ, ಸುತ್ತ ಇದ್ದವರೆಲ್ಲ ತನ್ನವರೇ. ಇವನಿಗಿಂತ ಹಿರಿಯರನ್ನು ನೋಡಿ. 1973ರಲ್ಲಿ ದಲಿತ ನಾಯಕ, ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಎಂದದ್ದಕ್ಕೆ ಕಾಲೇಜು ಹುಡುಗರು ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು. ಬಸವಲಿಂಗಪ್ಪ ಕುರ್ಚಿ ಬಿಡಬೇಕಾಯಿತು. ಬೀದಿಗಿಳಿದ ಆ ಸಾಹಿತ್ಯಪ್ರೇಮಿಗಳಿಗೆ ಈಗ ಎಪ್ಪತ್ತರ ಆಸುಪಾಸು. ಅವರೂ ಗುರುವಂದನೆ ಮಾಡುತ್ತಾರೆ. ಅವರಿಗೂ ಜಾತಿ ಗೊತ್ತಿರಲಿಲ್ಲವಂತೆ.

ಹೆಣ್ಣುಮಕ್ಕಳ ಹಿಂದೆ ಬಸ್ ಸ್ಟ್ಯಾಂಡಿನವರೆಗೆ ಹೋದ ಕಥೆಯೂ ಬರುತ್ತದೆ. ‘ಆಗಿನ ತುಂಟತನ’ ಎನ್ನುತ್ತಾರೆ. ಅದಕ್ಕೆ ಹೆದರಿ ಎರಡನೇ ವರ್ಷಕ್ಕೇ ಓದು ಬಿಟ್ಟು ಮದುವೆಯಾದವಳು ಸಮ್ಮಿಲನಕ್ಕೆ ಬಂದಿಲ್ಲ. ‘ಅವಳ ನಂಬರ್ ಯಾರ ಹತ್ತಿರವೂ ಇಲ್ಲ’ ಎಂದು ಸಂಘಟಕರು ವಿಷಾದಿಸುತ್ತಾರೆ.

ಈಗ ಶಾಲಿನ ವಿಷಯಕ್ಕೆ ಬರೋಣ. ಆ ಮೇಷ್ಟ್ರು ಒಂದೇ ಊರಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದರು, ಏಕೆಂದರೆ ಅವರಿಗೆ ಕಾಯಂ ನೌಕರಿಯಿತ್ತು, ಪಿಂಚಣಿಯಿತ್ತು. ಅಣ್ಣ ಓದಿದವರ ಹತ್ತಿರವೇ ತಮ್ಮನೂ ಓದಿದ. ಇವತ್ತು ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಹೊತ್ತುಕೊಂಡಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಜೂನ್‌ನಲ್ಲಿ ಇದ್ದವರು ಡಿಸೆಂಬರ್‌ಗೆ ಇರುತ್ತಾರೆಂಬ ಖಾತರಿಯಿಲ್ಲ. ರಜೆಯಲ್ಲಿ ಸಂಬಳವಿಲ್ಲ. ಕೆಲವರು ಹದಿನೈದು ವರ್ಷದಿಂದ ‘ಅತಿಥಿ’ಗಳಾಗಿಯೇ ಇದ್ದು, ತಲೆ ನರೆತು, ವಯೋಮಿತಿ ಮೀರಿ, ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುತ್ತಾರೆ. ಈಗಿನ ಹುಡುಗರು ಮೂವತ್ತು ವರ್ಷದ ನಂತರ ಶಾಲು ಹೊದಿಸುವುದು ಯಾರಿಗೆ? ಸೆಮಿಸ್ಟರಿಗೊಬ್ಬರಂತೆ ಬಂದು ಹೋದವರಲ್ಲಿ ಯಾರನ್ನು ಹುಡುಕುವುದು?

ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಬ್ಬ ಪುಣ್ಯಾತ್ಮ ಇದನ್ನೇ ಬರೆದ. ಎಲ್ಲರೂ ಸಹಿ ಹಾಕಿ ಉನ್ನತ ಶಿಕ್ಷಣ ಸಚಿವರಿಗೆ ಒಂದು ಮನವಿ ಕೊಡೋಣ, ನಾವು ಓದಿದ ಕಾಲೇಜಿಗಾದರೂ ಕಾಯಂ ಮೇಷ್ಟ್ರುಗಳನ್ನು ಕೇಳೋಣ ಎಂದ. ಮುಂದಿನ ವರ್ಷದ ರೆಸಾರ್ಟಿಗೆ ತಲಾ ಐದು ಸಾವಿರ ಎಂದಾಗ ಐದೇ ನಿಮಿಷದಲ್ಲಿ ಹೂಂಗುಟ್ಟಿದವರು ಇದಕ್ಕೆ ಒಬ್ಬರೂ ಉಸಿರೆತ್ತಲಿಲ್ಲ. ಸಂಜೆ ಹೊತ್ತಿಗೆ ಉತ್ತರ ಬಂತು. ಬರೆದವನು ಗ್ರೂಪಿನ ಅಡ್ಮಿನ್, ಅಂದಿನ ಸಂಘದ ಕಾರ್ಯದರ್ಶಿ.

‘ದಯವಿಟ್ಟು ಇಲ್ಲಿ ರಾಜಕೀಯ ಬೇಡ. ಹಳೇ ಫೋಟೋ ಇದ್ದರೆ ಹಾಕಿ.’