ಮಾತಾಡಿದವರ ಪಟ್ಟಿ

ಸರ್ಕಾರಿ ಪ್ರಾಥಮಿಕ ಶಾಲೆಯ ಗೋಡೆ ಹೇಳದ ಬುದ್ಧಿಮಾತಿಲ್ಲ. ಕೈ ತೊಳೆದು ಊಟ ಮಾಡಿ, ಸಾಲಾಗಿ ನಿಲ್ಲಿ, ನೀರು ಪೋಲು ಮಾಡಬೇಡಿ, ಹಿರಿಯರನ್ನು ಗೌರವಿಸಿ. ಕೊಳ್ಳೇಗಾಲದಲ್ಲಿ ಬರೆದದ್ದೇ ಹನೂರಿನಲ್ಲೂ ಯಳಂದೂರಿನಲ್ಲೂ ಇರುತ್ತದೆ. ಬಣ್ಣ ಮಾತ್ರ ಆಯಾ ಊರಿನ ಪೇಂಟರ ಡಬ್ಬಿಯಲ್ಲಿ ಉಳಿದದ್ದು. ಇವನ್ನು ಶ್ರದ್ಧೆಯಿಂದ ಓದುವವರು ಇಬ್ಬರೇ: ತಪಾಸಣೆಗೆ ಬಂದ ಅಧಿಕಾರಿ, ಮತ್ತೆ ಬಸ್ಸು ಕಾಯುತ್ತ ಕಾಂಪೌಂಡಿಗೆ ಒರಗಿ ನಿಂತ ನನ್ನಂಥವರು. ಐಕಳು ಓದುವುದಿಲ್ಲ. ಅವರ ಕಾಯ್ದೆಪುಸ್ತಕವೇ ಬೇರೆ.

ಬೆಳಗಿನ ಗಂಟೆಯಿಂದಲೇ ನೋಡಿ. ಕೊಳ್ಳೇಗಾಲಕ್ಕೆ ರೈಲು ಇವತ್ತಿಗೂ ಬಂದಿಲ್ಲ. ಹಳಿಯ ತುಂಡು ಮಾತ್ರ ಎಂದೋ ಬಂದು ಶಾಲೆಯ ಬೇವಿನ ಮರಕ್ಕೆ ನೇತುಬಿದ್ದಿದೆ. ಅದನ್ನು ಬಾರಿಸುವ ಹಕ್ಕಿಗಾಗಿ ನಡೆಯುವ ಪೈಪೋಟಿ ಪಂಚಾಯ್ತಿ ಎಲೆಕ್ಷನ್ನಿನಲ್ಲೂ ನಡೆಯುವುದಿಲ್ಲ. ಆಮೇಲೆ ಪ್ರಾರ್ಥನೆ. ಗಿಡ್ಡನೆಯವರು ಮುಂದೆ, ಉದ್ದನೆಯವರು ಹಿಂದೆ. ಬೇಸಿಗೆ ರಜೆಯಲ್ಲಿ ಎರಡು ಬೆರಳು ಬೆಳೆದು ಬಂದವನು ಜೂನ್‌ನಲ್ಲಿ ಹಿಂದಕ್ಕೆ ಬಡ್ತಿ ಪಡೆಯುತ್ತಾನೆ. ಮೇಷ್ಟರ ಕಣ್ಣಿಗೆ ದೂರವಾದ ಆ ಜಾಗಕ್ಕೆ ಬೆಲೆ ಜಾಸ್ತಿ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದೊಳಗೆ ಹಾಡಿ ಮುಗಿಸಬೇಕೆಂದು 2022ರಲ್ಲಿ ಸರ್ಕಾರದ ಆದೇಶವಾಯಿತು. ಬಿಸಿಲು ಚುರುಕಾದ ದಿನ ನಮ್ಮ ಮಕ್ಕಳು ಅದಕ್ಕೂ ಮುಂಚೆ ಮುಗಿಸಬಲ್ಲರು, ಲೆಕ್ಕದ ಪರೀಕ್ಷೆ ಇರುವ ದಿನ ಎಷ್ಟು ಬೇಕಾದರೂ ಎಳೆಯಬಲ್ಲರು. 2023ರಿಂದ ಸಂವಿಧಾನದ ಪೀಠಿಕೆಯೂ ಸೇರಿಕೊಂಡಿದೆ. ‘ಸಾರ್ವಭೌಮ’ದಲ್ಲಿ ಎಡವಿದ ಎರಡನೇ ತರಗತಿ ‘ಗಣರಾಜ್ಯ’ದ ಹೊತ್ತಿಗೆ ಉಳಿದವರನ್ನು ಹಿಡಿದುಬಿಡುತ್ತದೆ.

ಸೋಮವಾರ ಉಗುರು ತಪಾಸಣೆ. ಟೀಚರು ಸಾಲಿನ ಮುಂದಿನಿಂದ ಹೊರಟು ನಡುವಿಗೆ ಬರುವಷ್ಟರಲ್ಲಿ ಹಿಂದಿನವರೆಲ್ಲ ಹಲ್ಲಿನಲ್ಲೇ ಉಗುರು ಕತ್ತರಿಸಿ ಉಗಿದು, ಎರಡೂ ಕೈ ಚಾಚಿ ನಿಂತಿರುತ್ತಾರೆ. ಗೋಡೆಯ ನಿಯಮವೂ ಉಳಿಯಿತು, ನೇಲ್‌ಕಟರಿನ ದುಡ್ಡೂ ಉಳಿಯಿತು.

ಮಕ್ಕಳ ಕಾನೂನು ನಿಜವಾಗಿ ಜಾರಿಗೆ ಬರುವುದು ಮೇಷ್ಟರು ಆಫೀಸ್ ರೂಮಿಗೆ ಹೋದಾಗ. ಲೀಡರು ಎದ್ದು ಕರಿಹಲಗೆಯ ಬಲಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು ಎರಡು ಗೆರೆ ಎಳೆಯುತ್ತಾನೆ. ಮೊದಲ ಸಲಕ್ಕೆ ಬರೀ ಹೆಸರು. ಮತ್ತೆ ಬಾಯಿಬಿಟ್ಟರೆ ಪಕ್ಕದಲ್ಲಿ ಒಂದು ಪ್ಲಸ್ಸು. ಮೂರು ಪ್ಲಸ್ಸಾದವನ ಹೆಸರಿಗೆ ‘ಅತಿ’ ಎಂಬ ಬಿರುದು, ಆಮೇಲೆ ‘ಅತಿ ಅತಿ’. ಮಾತಾಡದೆ ಬರೀ ನಕ್ಕವನಿಗೆ ಏನು ಶಿಕ್ಷೆ? ಅರ್ಧ ಪ್ಲಸ್ಸು, ಅಂದರೆ ಒಂದು ಅಡ್ಡಗೆರೆ. ಇಷ್ಟು ಸೂಕ್ಷ್ಮವಾಗಿ ಅಪರಾಧ ತೂಗುವ ಲೀಡರು ಹೆಸರು ಅಳಿಸುವುದಕ್ಕೆ ಇಟ್ಟಿರುವ ದರವೂ ಅಷ್ಟೇ ಖಚಿತ: ಒಂದು ಪ್ಲಸ್ಸಿಗೆ ತುಂಡು ಬಳಪ, ಪೂರ್ತಿ ಹೆಸರಿಗೆ ಉಪ್ಪು ಖಾರ ಹಚ್ಚಿದ ಹುಣಸೆಹಣ್ಣು. ಮೇಷ್ಟರು ಒಳಗೆ ಕಾಲಿಟ್ಟರೆ ಮೇಲ್ಮನವಿಗಳು ಶುರು. “ಸಾ, ನಾನು ಮಾತಾಡ್ನಿಲ್ಲ ಸಾ, ಬಳ್ಪ ಕೇಳ್ದಿ ಅಷ್ಟೇಯ.” ಮೇಷ್ಟರು ಪಟ್ಟಿಯನ್ನು ಒಮ್ಮೆ ನೋಡಿ, ಡಸ್ಟರಿನಿಂದ ಒರೆಸಿ, ಅಲ್ಲೇ ಪಾಠದ ಹೆಸರು ಬರೆಯುತ್ತಾರೆ. ಲಂಚ ಕೊಟ್ಟವನ ಮುಖ ಆಗ ನೋಡಬೇಕು.

ಮೊದಲಾದರೆ ಆ ಪಟ್ಟಿಗೆ ಬೆತ್ತದ ಬಲವಿತ್ತು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಇದ್ದದ್ದು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿ. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಾದರೂ, ಮೈಸೂರಿಗೆ ಸೇರಿತ್ತು. ಸರ್ಕಾರ ಬೇರೆ, ಸಾಹೇಬರು ಬೇರೆ, ಹಾಜರಿ ಪುಸ್ತಕದ ರಟ್ಟೂ ಬೇರೆ ಇದ್ದೀತು; ಎರಡೂ ಕಡೆಯ ಹಳಬರು ಅಂಗೈ ನೀವಿಕೊಳ್ಳುತ್ತ ಹೇಳುವ ಬೆತ್ತದ ಕತೆ ಮಾತ್ರ ಒಂದೇ. ಏಕೀಕರಣ ಅಲ್ಲಿ ಮೊದಲೇ ಆಗಿಹೋಗಿತ್ತೆಂದು ಕಾಣುತ್ತದೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಇದನ್ನು ಒಪ್ಪದವರು ತಾಯಂದಿರು. “ನಾಕು ಬಿಗೀರಿ ಸಾ, ನಾ ಏನೂ ಅನ್ನಕಿಲ್ಲ” ಎಂದು ಮಗನನ್ನು ಮುಂದಕ್ಕೆ ತಳ್ಳುತ್ತಾರೆ. “ಕಾನೂನು ಅದೆ ಕನವ್ವ” ಎಂದು ಮೇಷ್ಟರು ಹಿಂದೆ ಸರಿಯುತ್ತಾರೆ. ನಡುವೆ ನಿಂತ ಹುಡುಗನೊಬ್ಬನಿಗೇ ಕಾನೂನಿನ ಮೇಲೆ ಪೂರ್ಣ ವಿಶ್ವಾಸ.

ಬೆತ್ತ ಹೋದ ಮೇಲೆ ಗದ್ದಲ ಹೆಚ್ಚಿತು ಎನ್ನುವವರು ಬಿಸಿಯೂಟದ ಸಾಲನ್ನು ಬಂದು ನೋಡಬೇಕು. ತಟ್ಟೆ ಬಡಿಯುವ ಸದ್ದು ಬೀದಿಗೆಲ್ಲ ಕೇಳಿಸಿದರೂ ಸಾಲು ಮಾತ್ರ ಕದಲುವುದಿಲ್ಲ, ಯಾಕೆಂದರೆ ನಡುವೆ ನುಗ್ಗಿದವನನ್ನು ಹಿಂದಿನವರೇ ಎಳೆದು ಕೊನೆಗೆ ಕಳಿಸುತ್ತಾರೆ. ಮೊಟ್ಟೆಯ ದಿನ ಇನ್ನೂ ಸ್ವಾರಸ್ಯ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮನೆಯವರು ಬಾಳೆಹಣ್ಣು ಎಂದು ಬರೆಸಿರುತ್ತಾರೆ, ಹುಡುಗನ ಕಣ್ಣು ಪಕ್ಕದವನ ತಟ್ಟೆಯ ಮೇಲೆ. ಕಂಬದ ಮರೆಯಲ್ಲಿ ಅರ್ಧ ಹಣ್ಣಿಗೆ ಅರ್ಧ ಮೊಟ್ಟೆ ಕೈಬದಲಾಗುತ್ತದೆ. ಇಡೀ ತರಗತಿಗೆ ಇದು ಗೊತ್ತು. ಒಬ್ಬನೂ ಇದನ್ನು ಮನೆಗೆ ಮುಟ್ಟಿಸಿಲ್ಲ. ಬಳಪ ಮುರಿದದ್ದಕ್ಕೆ ದಿನಕ್ಕೆ ಹತ್ತು ಸಲ ಚಾಡಿ ಹೇಳುವ ಬಾಯಿಗಳು ಇವು.

ಹನೂರಿನ ಕಡೆಗೆ ಹೋದರೆ ವೇಳಾಪಟ್ಟಿಯಲ್ಲಿ ಆನೆಯೂ ಬಂದು ಸೇರುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಊರುಗಳ ಮಕ್ಕಳು ಕಾಡುದಾರಿ ಹಿಡಿದು ಬರಬೇಕು. ಅವರಿಗಾಗಿ ಅರಣ್ಯ ಇಲಾಖೆ ಜೀಪು ಓಡಿಸಿದ್ದೂ ಉಂಟು. “ಯಾಕೋ ಲೇಟು?” “ದಾರೀಲಿ ಆನ ನಿಂತಿತ್ತು ಸಾ.” ಇದಕ್ಕೆ ಯಾವ ಮೇಷ್ಟರೂ ಎದುರು ಹೇಳಲಾರರು. ಸಾಕ್ಷಿ ಕರೆಸುವಂತಿಲ್ಲ, ಹಾಜರಿ ಪುಸ್ತಕದಲ್ಲಿ ಆನೆಗೆ ಕಾಲಂ ಇಲ್ಲ. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದಿನ ಹುಡುಗನೊಬ್ಬ ಇದೇ ಕಾರಣ ಹೇಳಿ ನೋಡಿದನಂತೆ. ಎರಡು ದಿನ ಅವನ ಹೆಸರೇ ಆನೆ ಆಗಿತ್ತು. ಇನ್ನು ಬೆಟ್ಟದ ಜಾತ್ರೆ, ಚಿಕ್ಕಲ್ಲೂರು ಜಾತ್ರೆ ಬಂದರಂತೂ ರಜಾಚೀಟಿ ಯಾರೂ ಬರೆಯುವುದಿಲ್ಲ. ಬಂದ ನಾಲ್ಕು ಮಕ್ಕಳು ‘ನೀವ್ಯಾಕೆ ಹೋಗಲಿಲ್ಲ ಸಾ?’ ಎಂದು ಮೇಷ್ಟರಿಂದಲೇ ವಿವರಣೆ ಕೇಳುತ್ತಾರೆ.

ನಡವಳಿಕೆಯ ಪುಸ್ತಕವೆಂದರೆ ಯಳಂದೂರನ್ನು ಬಿಡುವಂತಿಲ್ಲ. ಹದಿನೇಳನೇ ಶತಮಾನದಲ್ಲಿ ‘ಹದಿಬದೆಯ ಧರ್ಮ’ ಬರೆದ ಸಂಚಿಯ ಹೊನ್ನಮ್ಮ ಆ ಊರಿನವಳು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುತ್ತ, ಹೆಂಡತಿಯಾದವಳು ಹೇಗೆ ನಡೆದುಕೊಳ್ಳಬೇಕೆಂದು ಸಾಂಗತ್ಯದಲ್ಲಿ ಹೇಳಿದಳು; ಅದರ ನಡುವೆಯೇ, ಹೆಣ್ಣನ್ನು ಕೀಳಾಗಿ ಯಾಕೆ ನೋಡುತ್ತೀರಿ ಎಂದು ಗಂಡಸರಿಗೂ ಒಂದು ಏಟು ಹಾಕಿದಳು. ಆ ಸೀಮೆಯ ಶಾಲೆಯೊಂದರ ಗೋಡೆಯಲ್ಲಿ ಕಸ ಗುಡಿಸುವ ಸರದಿಯ ಪಟ್ಟಿ ಕಂಡೆ. ಐದು ದಿನ ಹುಡುಗಿಯರಿಗೆ, ಗುರುವಾರ ಮಾತ್ರ ಹುಡುಗರಿಗೆ. ಈ ಹಂಚಿಕೆಯ ಬಗ್ಗೆ ಹೊನ್ನಮ್ಮನನ್ನು ಕೇಳಬೇಕಿತ್ತು. ಗುರುವಾರದ ಕಸ ಹೊರಗೆ ಹೋಗುವುದಿಲ್ಲ, ಬೀರುವಿನ ಕೆಳಗೆ ಹೋಗುತ್ತದೆ. ಶುಕ್ರವಾರ ಸರಸ್ವತಿ ಪೂಜೆಗೆಂದು ಹುಡುಗಿಯರು ಬೀರು ಸರಿಸಿದಾಗ ಪೆನ್ಸಿಲ್ ಸಿಪ್ಪೆ, ಹುಣಸೆಬೀಜ, ಚಿಕ್ಕಿ ಕಾಗದ ಎಲ್ಲವೂ ಬಯಲಾಗುತ್ತವೆ. ಅವರು ಒಂದು ತೀರ್ಮಾನಕ್ಕೆ ಬಂದಿದ್ದಾರೆ: ಪೂಜೆಯ ಪುರಿ ಹಂಚುವಾಗ ಗುರುವಾರದವರಿಗೆ ಕೊನೆಯಲ್ಲಿ, ಅದೂ ಕಡಲೆ ಆರಿಸಿದ ಮೇಲೆ ಉಳಿದದ್ದು. ಮೇಷ್ಟರಿಗೆ ಇದನ್ನು ಯಾರೂ ಹೇಳಿಲ್ಲ.