ರಾತ್ರಿಯ ಕ್ವಾರ್ಟರು, ಬೆಳಗಿನ ಲೆಕ್ಕ

ಮಸಿನಗುಡಿಯಲ್ಲಿ ಮನೆ ಮಾಡಿಕೊಂಡಿರುವ ಮೈಸೂರು ಕಡೆಯವನಿಗೆ ಯಾವ ಬರ ಬಂದರೂ ನೆಂಟರ ಬರ ಬರುವುದಿಲ್ಲ. ಬಂಡೀಪುರ ದಾಟಿ ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿದರೆ ಬಂದೇಬಿಟ್ಟರು. ಶನಿವಾರ ಮಧ್ಯಾಹ್ನ ಗಾಡಿಯಿಂದ ಇಳಿಯುವವರೆಲ್ಲರ ಬಾಯಲ್ಲೂ ಒಂದೇ ಮಾತು: "ಕಾಡು ನೋಡೋಣ ಅಂತ ಬಂದ್ವಿ." ಭಾನುವಾರ ಬೆಳಗ್ಗೆ ಕಾಡೇ ಅವರನ್ನು ನೋಡುತ್ತಿರುತ್ತದೆ. ಜಗಲಿಯ ಮೇಲೆ ತಲೆಗೆ ಟವೆಲು ಬಿಗಿದುಕೊಂಡು ಬಿದ್ದಿರುವ ಮನುಷ್ಯರನ್ನು ಕಾಂಪೌಂಡಿನ ಮೇಲೆ ಕೂತ ಮುಸುವಗಳು ಬಹಳ ಗಂಭೀರವಾಗಿ ಗಮನಿಸುತ್ತವೆ.

ನಾನು ಕುಡಿಯುವವನಲ್ಲ. ಇದರಲ್ಲಿ ದೊಡ್ಡಸ್ತಿಕೆಯೇನಿಲ್ಲ, ಧೈರ್ಯ ಸಾಲಲಿಲ್ಲ ಅಷ್ಟೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ಮೇಲೆ ಪಾಠ ಕೇಳುವವರು ಸಿಗುವುದು ಕಷ್ಟ. ಎದ್ದು ಓಡಿಹೋಗಲಾರದ ಸ್ಥಿತಿಯಲ್ಲಿರುವ ಈ ಭಾನುವಾರದ ವಿದ್ಯಾರ್ಥಿಗಳು ನನ್ನ ಪುಣ್ಯ. ಕುಡಿಯದವನಿಗೆ ಇದರ ಉಸಾಬರಿ ಯಾಕೆ ಎನ್ನುವವರಿಗೆ ನನ್ನ ಬಳಿ ಉತ್ತರವಿದೆ. ಯೆಂಡ್ಕುಡ್ಕ ರತ್ನನನ್ನು ಕನ್ನಡಕ್ಕೆ ಕೊಟ್ಟ ಜಿ.ಪಿ. ರಾಜರತ್ನಂ ಅವರೂ ಹೆಂಡ ಮುಟ್ಟಿದವರಲ್ಲ.

ಇಷ್ಟು ವರ್ಷದಲ್ಲಿ ಕುಡಿದದ್ದರಿಂದಲೇ ತಲೆನೋವು ಬಂತು ಎಂದು ಒಪ್ಪಿಕೊಂಡ ಒಬ್ಬನೇ ಒಬ್ಬನನ್ನು ನಾನು ನೋಡಿಲ್ಲ. ಚಳಿ ಹಿಡಿಯಿತು ಎನ್ನುತ್ತಾರೆ. ಎತ್ತರ ಒಗ್ಗಲಿಲ್ಲ, ಕಬಾಬಿನ ಎಣ್ಣೆ ಸರಿಯಿರಲಿಲ್ಲ, ನಮ್ಮ ಬ್ರ್ಯಾಂಡು ಇಲ್ಲಿ ಸಿಗಲಿಲ್ಲ ಎನ್ನುತ್ತಾರೆ. ಹೆಂಡತಿಯ ಫೋನು ಬಂತು ಎಂದವರೂ ಇದ್ದಾರೆ. ಕರ್ನಾಟಕದವರಿಗಂತೂ ಇನ್ನೊಂದು ಸಿದ್ಧ ಉತ್ತರವಿದೆ: "ತಮಿಳುನಾಡಿನ ಸರಕು ಸಾರ್, ಹಿಂಗೇ."

ಹಾಗೆಂದು ನೀಲಗಿರಿ ಬೆಟ್ಟವನ್ನು ಪೂರ್ತಿ ನಿರಪರಾಧಿ ಎನ್ನಲಿಕ್ಕೂ ಆಗದು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸುಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿದ, ಅವನ ಹಿಂದೆಯೇ ದೊರೆಗಳ ಬಾಯಾರಿಕೆಯೂ ಹತ್ತಿತು, ಆಮೇಲೆ ಬಿಯರ್ ಕಾರ್ಖಾನೆಗಳು ಬಂದವು. 1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದಾಗ ನೀಲಗಿರಿಯದ್ದೂ ಅದರೊಳಗಿತ್ತು. ಇಲ್ಲಿಯ ಬಿಯರು ಬೆಂಗಳೂರಿಗೆ ಇಳಿದುಹೋಯಿತು. ಶತಮಾನ ಕಳೆದ ಮೇಲೆ ಬೆಂಗಳೂರಿನವರು ಅದನ್ನು ಹುಡುಕಿಕೊಂಡು ಮೇಲೆ ಬರುತ್ತಿದ್ದಾರೆ.

ನನ್ನ ಭಾವಮೈದ ಬರುವುದು ಮೈಸೂರಿನಿಂದ, ಗೆಳೆಯರ ಜೊತೆ. ಹೋದ ಸಲ ಬೆಳಗ್ಗೆ ಎಂಟಕ್ಕೆ ಕಣ್ಣು ಅರ್ಧ ತೆರೆದು, "ಭಾವ, ಎಲ್ರೂ ಒಂದೊಂದೇ ಕ್ವಾರ್ಟರ್ ಹಾಕಿದ್ದು. ಅದಕ್ಕೇ ಹಿಂಗಾಗುತ್ತಾ?" ಎಂದ.

ಹಿಂದೆಲ್ಲ ಇಂಥ ಹೇಳಿಕೆಯನ್ನು ನಂಬುವುದಲ್ಲದೆ ಬೇರೆ ದಾರಿಯಿರಲಿಲ್ಲ, ಏಕೆಂದರೆ ಸಾಕ್ಷಿ ಕಾಡು ಸೇರಿರುತ್ತಿತ್ತು. ಒಡೆದ ಬಾಟಲಿಯ ಗಾಜು ಆನೆಗಳ ಕಾಲಿಗೆ ಹೊಕ್ಕು ಕೀವಾಗುತ್ತದೆ ಎಂಬ ವಿಷಯ ಮದ್ರಾಸ್ ಹೈಕೋರ್ಟಿನವರೆಗೆ ಹೋಯಿತು. 2022ರ ಮೇ 15ರಿಂದ ನೀಲಗಿರಿಯ ಟಾಸ್ಮಾಕ್ ಎಂಬ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ ಹತ್ತು ರೂಪಾಯಿ ಹೆಚ್ಚಿಗೆ ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ಆ ಹತ್ತು ರೂಪಾಯಿ ವಾಪಸು ಕೊಡುತ್ತಾರೆ. ಅಂದಿನಿಂದ ನಮ್ಮ ಅತಿಥಿಗಳು ಬಾಟಲಿ ಎಸೆಯುವುದಿಲ್ಲ. ಸಾವಿರಗಟ್ಟಲೆ ಕುಡಿದವರೂ ಹತ್ತು ರೂಪಾಯಿಯನ್ನು ಬಿಡುವುದಿಲ್ಲ. ಜಗಲಿಯ ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿಡುತ್ತಾರೆ. ನನ್ನ ಹೆಂಡತಿ ಆ ಸಾಲನ್ನು ಎಣಿಸಿ, ತಲೆಗಳನ್ನೂ ಎಣಿಸಿ, ಭಾಗಿಸಿದಳು. "ಒಂದಲ್ಲಪ್ಪ, ಎರಡೆರಡು" ಎಂದಳು. ಅಕ್ಕನ ಗಣಿತದ ಮುಂದೆ ತಮ್ಮ ಎಂದೂ ಗೆದ್ದವನಲ್ಲ.

ಅಲ್ಲಿಂದ ಮುಂದಿನದು ನನ್ನ ಪಾಠ. ಕ್ವಾರ್ಟರು ಎಂದರೆ 180 ಮಿಲಿ. ನಮ್ಮ ವಿಸ್ಕಿ, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಮದ್ಯಸಾರ ಶೇ. 42.8. ತೂಕಕ್ಕೆ ಇಳಿಸಿದರೆ ಹೆಚ್ಚುಕಡಿಮೆ 60 ಗ್ರಾಂ ಶುದ್ಧ ಮದ್ಯಸಾರ. ಸಾಧಾರಣ ಮನುಷ್ಯನ ಲಿವರು ಗಂಟೆಗೆ ಕರಗಿಸುವುದು ಏಳರಿಂದ ಹತ್ತು ಗ್ರಾಂ. ಕೆಕ್ಕನಹಳ್ಳದ ಚೆಕ್‌ಪೋಸ್ಟಿನ ಹಾಗೆ ಅದು, ಹಿಂದೆ ಎಷ್ಟು ಉದ್ದ ಕ್ಯೂ ಇದ್ದರೂ, ಯಾರು ಎಷ್ಟು ಹಾರ್ನ್ ಹೊಡೆದರೂ, ಒಂದೊಂದೇ ಗಾಡಿ ಬಿಡುತ್ತದೆ. ಮಜ್ಜಿಗೆ, ತಣ್ಣೀರ ಸ್ನಾನ, ಕಡು ಕಾಫಿ ಇವೆಲ್ಲ ಬರೀ ಹಾರ್ನು. ರಾತ್ರಿ ಎಂಟಕ್ಕೆ ಶುರುಮಾಡಿದ ಎರಡು ಕ್ವಾರ್ಟರಿನ 120 ಗ್ರಾಂ ಮುಗಿಯುವಾಗ ಬೆಳಗ್ಗೆ ಎಂಟೂ ಆಗಬಹುದು, ಮಧ್ಯಾಹ್ನ ಒಂದೂ ಆಗಬಹುದು. "ಅಂದ್ರೆ ನೀನು ಈಗ ಹ್ಯಾಂಗೋವರ್‌ನಲ್ಲಿಲ್ಲ, ಇನ್ನೂ ಕುಡಿದೇ ಇದ್ದೀಯ" ಎಂದೆ. ಅವನ ಮುಖದಲ್ಲಿ ಸ್ವಲ್ಪ ಸಂತೋಷ ಕಂಡಿತು. ಕೊಟ್ಟ ಕಾಸು ಇನ್ನೂ ಪೂರ್ತಿ ಖರ್ಚಾಗಿಲ್ಲವೆಂದೋ ಏನೋ.

ಆದರೆ ಅಸಲಿ ಕಷ್ಟ ಮುಂದಿತ್ತು. ಹ್ಯಾಂಗೋವರಿನ ವಿಚಿತ್ರವೆಂದರೆ, ರಕ್ತದಲ್ಲಿ ಮದ್ಯಸಾರ ಸೊನ್ನೆಯ ಹತ್ತಿರ ಬರುವಾಗಲೇ ಅದು ತಾರಕಕ್ಕೇರುತ್ತದೆ. ಕುಡಿದದ್ದು ಇರುವಾಗ ಸುಖ, ಹೋದ ಮೇಲೆ ನರಕ. ಲಿವರು ಮದ್ಯಸಾರವನ್ನು ಮೊದಲು ಅಸಿಟಾಲ್ಡಿಹೈಡ್ ಮಾಡುತ್ತದೆ. ಅದು ಮುಖ ಕೆಂಪೇರಿಸುವ, ಎದೆ ಡವಗುಟ್ಟಿಸುವ, ಹೊಟ್ಟೆ ತೊಳಸುವ ವಿಷ. ಇನ್ನೊಂದು ಕಿಣ್ವ ಬಂದು ಅದನ್ನು ನಿರುಪದ್ರವಿ ಅಸಿಟೇಟ್ ಆಗಿಸುತ್ತದೆ. ಈ ಎರಡನೆಯ ಹೆಜ್ಜೆಯನ್ನು ತಡೆದರೆ ಏನಾಗುತ್ತದೆ ಎಂಬುದನ್ನು 1940ರ ದಶಕದಲ್ಲಿ ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೊಬ್ಸೆನ್ ಮೈಮೇಲೆಯೇ ಕಂಡುಕೊಂಡರು. ಹೊಟ್ಟೆಹುಳಕ್ಕೆ ಔಷಧಿಯಾದೀತೇ ಎಂದು ಡೈಸಲ್ಫಿರಾಮ್ ಎಂಬುದನ್ನು ತಾವೇ ನುಂಗಿ ನೋಡಿದ್ದರು, ಆಮೇಲೆ ಕುಡಿದಾಗ ಪಾಡು ಹೇಳತೀರದಾಯಿತು. ಅದೇ ಮುಂದೆ ಕುಡಿತ ಬಿಡಿಸುವ ಮಾತ್ರೆಯಾಯಿತು. ಹುಳಗಳ ಗತಿ ಏನಾಯಿತೋ.

ಅಸಿಟಾಲ್ಡಿಹೈಡ್ ಒಬ್ಬನದ್ದೇ ತಪ್ಪಲ್ಲ ಎಂದು ಈಚಿನವರು ಹೇಳುತ್ತಾರೆ, ಬೆಳಗಾಗುವಷ್ಟರಲ್ಲಿ ಅದು ಬಹುಮಟ್ಟಿಗೆ ಹೋಗಿರುತ್ತದೆ. ಉಳಿಯುವುದು ಅದು ಎಬ್ಬಿಸಿಟ್ಟ ಜಗಳ. ದೇಹದ ರೋಗನಿರೋಧಕ ವ್ಯವಸ್ಥೆ ಸೈಟೊಕೈನ್‌ಗಳನ್ನು ಹರಿಯಬಿಟ್ಟಿರುತ್ತದೆ. ಜ್ವರ ಬಂದಾಗ ಮೈಕೈ ಮುರಿದು, ಊಟ ಸೇರದೆ, ಯಾರೂ ಮಾತಾಡಿಸಬಾರದು ಅನ್ನಿಸುವುದು ಇವುಗಳಿಂದಲೇ. ರಾತ್ರಿಯೆಲ್ಲ ಮದ್ಯ ಮೆದುಳನ್ನು ಮಂದಗೊಳಿಸಿದ್ದಕ್ಕೆ ಮೆದುಳು ಎದುರುಬಿದ್ದು, ಬೆಳಗಿನ ಜಾವ ಉದ್ರೇಕವನ್ನು ಏರಿಸಿಕೊಳ್ಳುತ್ತದೆ. ಹೀಗಾಗಿ ಗೊರಕೆ ಎಷ್ಟೇ ಜೋರಾಗಿದ್ದರೂ ಅದು ನಿದ್ದೆಯಲ್ಲ, ಮೂರು ಗಂಟೆಗೆ ಎಚ್ಚರವಾಗಿ ಮಾಡಿದ ಹಳೆಯ ಸಾಲಗಳೆಲ್ಲ ನೆನಪಾಗುತ್ತವೆ.

ಇಲ್ಲಿ ಆನೆಯ ಒಂದು ಸಂಗತಿ ಹೇಳದಿದ್ದರೆ ಮುದುಮಲೆಯ ನೆರೆಯವನಾಗಿ ನಾನು ಬದುಕಿ ಪ್ರಯೋಜನವಿಲ್ಲ. ನಾಲಗೆ, ಹೊಟ್ಟೆಯ ಒಳಪದರದಲ್ಲೇ ಮದ್ಯಸಾರವನ್ನು ಕರಗಿಸಲು ಶುರುಮಾಡುವ ಕಿಣ್ವವೊಂದರ ಜೀನು ಎಡಿಎಚ್7. ಸುಮಾರು ಒಂದು ಕೋಟಿ ವರ್ಷದ ಹಿಂದೆ, ಮರದಿಂದ ಉದುರಿ ಹುಳಿಬಂದ ಹಣ್ಣು ತಿನ್ನುತ್ತಿದ್ದ ನಮ್ಮ ಪೂರ್ವಿಕರಲ್ಲಿ ಈ ಕಿಣ್ವ ಬದಲಾಗಿ ನಲವತ್ತು ಪಟ್ಟು ಚುರುಕಾಯಿತು. ಆನೆಗಳಲ್ಲಿ ಆ ಜೀನು ಕೆಟ್ಟು ಕೂತಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅಷ್ಟು ದೊಡ್ಡ ದೇಹಕ್ಕೆ ಇಲ್ಲದ ಸೌಲಭ್ಯವನ್ನು ಪ್ರಕೃತಿ ನನ್ನ ಭಾವಮೈದನಿಗೆ ಕೊಟ್ಟಿದೆ. ಹಾಗಿದ್ದೂ ಕುಡಿದವನು ಒಬ್ಬ, ಗಾಜು ತುಳಿದು ಕುಂಟಿದ್ದು ಇನ್ನೊಂದು.

ಚಳಿ, ಎತ್ತರಗಳ ನೆಪವನ್ನು ಬೇಗ ಮುಗಿಸಿಬಿಡುತ್ತೇನೆ. ಕುಡಿದರೆ ಚರ್ಮದ ರಕ್ತನಾಳಗಳು ಅಗಲವಾಗಿ ಮೈ ಬೆಚ್ಚಗಾದಂತೆ ಅನ್ನಿಸುತ್ತದೆ, ಆದರೆ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಜನವರಿಯ ಊಟಿಯಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿರುವಾಗ "ಚಳಿಗೆ ಒಂದು ಪೆಗ್" ಎನ್ನುವುದು ಕಿಟಕಿ ತೆರೆದು ಹೀಟರು ಹಚ್ಚುವ ವ್ಯವಹಾರ. ಎತ್ತರದ ತಲೆನೋವು ಸಾಮಾನ್ಯವಾಗಿ ಶುರುವಾಗುವುದು 2500 ಮೀಟರ್ ದಾಟಿದ ಮೇಲೆ. ಊಟಿ ಇರುವುದು 2240ರಲ್ಲಿ. ಮಸಿನಗುಡಿ ಅದರ ಅರ್ಧಕ್ಕೂ ಬರುವುದಿಲ್ಲ.

ಘಾಟಿಯ ಮೇಲಿನ ಆರೋಪ ಮಾತ್ರ ವಿಚಾರಣೆಗೆ ಯೋಗ್ಯ. ಮಸಿನಗುಡಿಯಿಂದ ಕಲ್ಲಟ್ಟಿ ಮೇಲೆ ಊಟಿಗೆ ಹೋಗುವ ದಾರಿಯಲ್ಲಿ 36 ಹೇರ್‌ಪಿನ್ ತಿರುವುಗಳು. ಎಷ್ಟು ಕಡಿದಾದ ದಾರಿಯೆಂದರೆ ಹೊರಗಿನ ಗಾಡಿಗಳಿಗೆ ಹತ್ತಲು ಮಾತ್ರ ಅವಕಾಶ, ಇಳಿಯಲು ಬಿಡುವುದಿಲ್ಲ. ಪ್ರತಿ ತಿರುವಿಗೂ ನಂಬರಿನ ಬೋರ್ಡಿದೆ. ನಮ್ಮ ಅತಿಥಿಗಳಿಗೆ ಒಂಬತ್ತನೆಯ ತಿರುವಿನ ಹೊತ್ತಿಗೆ ಅಧ್ಯಾತ್ಮ ಹುಟ್ಟುತ್ತದೆ, ಹದಿನೈದಕ್ಕೆ ಗಾಡಿ ನಿಲ್ಲಿಸು ಎನ್ನುತ್ತಾರೆ. ಆದರೆ ನಿಜವಾಗಿ ತಿರುಗುವುದು ಕಿವಿಯೊಳಗೆ. ಅಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ, ಒಳಗೆ ದ್ರವ, ದ್ರವದಲ್ಲಿ ಕ್ಯೂಪ್ಯುಲಾ ಎಂಬ ಲೋಳೆಯ ಪರದೆ. ಎರಡರ ಸಾಂದ್ರತೆಯೂ ಒಂದೇ ಆದ್ದರಿಂದ ಪರದೆ ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ. ತಲೆ ತಿರುಗಿದಾಗ ಮಾತ್ರ ಬಾಗಿ ಮೆದುಳಿಗೆ ಸುದ್ದಿ ಕೊಡುತ್ತದೆ. ಮದ್ಯಸಾರ ನೀರಿಗಿಂತ ಹಗುರ. ಅದು ರಕ್ತದಿಂದ ಮೊದಲು ಪರದೆಗೆ ಹೊಕ್ಕು ಅದನ್ನು ಹಗುರಗೊಳಿಸುತ್ತದೆ, ದ್ರವಕ್ಕೆ ತಲುಪುವುದು ನಿಧಾನ. ಹಗುರಾದ ಪರದೆ ಮೇಲಕ್ಕೇಳುತ್ತದೆ, ಮಲಗಿದ ಮನುಷ್ಯನಿಗೆ ಮಂಚ ತಿರುಗುತ್ತದೆ. ನಡುವೆ ಕೆಲವು ಗಂಟೆ ಎರಡೂ ಸಮವಾಗಿ ಶಾಂತಿ ನೆಲೆಸುತ್ತದೆ. ಬೆಳಗಿನ ಹೊತ್ತಿಗೆ ಮದ್ಯ ಪರದೆಯಿಂದ ಮೊದಲು ಹೊರಟುಹೋಗಿ ದ್ರವದಲ್ಲಿ ಇನ್ನೂ ಉಳಿದಿರುತ್ತದೆ. ಈಗ ಪರದೆಯೇ ಭಾರ. ಅದು ಆಚೆಗೆ ಬಾಗುತ್ತದೆ, ಲೋಕ ಮತ್ತೆ ತಿರುಗುತ್ತದೆ, ಈ ಸಲ ಉಲ್ಟಾ ದಿಕ್ಕಿಗೆ.

ಇದನ್ನು ವಿವರಿಸಿದಾಗ ಭಾವಮೈದ ಬಹಳ ಹೊತ್ತು ಯೋಚಿಸಿ, "ಹಂಗಾದ್ರೆ ರಾತ್ರಿ ತಿರುಗಿದ್ದು ಬೆಳಗ್ಗೆ ಬಿಚ್ಕೊಳ್ಳುತ್ತೆ ಅನ್ನಿ" ಎಂದ. ಮೂವತ್ತು ವರ್ಷ ಪಾಠ ಮಾಡಿದರೂ ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ.

ಅವನ ಗೆಳೆಯನೊಬ್ಬ ಮಾತ್ರ ಪಾಠ ಕೇಳದೆ ಮದ್ದು ಹೇಳಿದ: "ಬೆಳಗ್ಗೆ ಒಂದು ತೊಂಬತ್ತು ಹಾಕಿಬಿಡ್ಬೇಕು ಸಾರ್. ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು." ಇದರಲ್ಲಿ ಒಂದು ಚೂರು ನಿಜವಿದೆ, ಅದೇ ಅಪಾಯ. ಮದ್ಯದಲ್ಲಿ ಎಥನಾಲ್ ಜೊತೆ ಅತ್ಯಲ್ಪ ಮೆಥನಾಲೂ ಇರುತ್ತದೆ. ಎಥನಾಲ್ ಖಾಲಿಯಾದ ಮೇಲೆ ಅದೇ ಕಿಣ್ವ ಮೆಥನಾಲಿಗೆ ಕೈಹಾಕಿ, ಫಾರ್ಮಾಲ್ಡಿಹೈಡ್, ಫಾರ್ಮಿಕ್ ಆಮ್ಲಗಳನ್ನು ಹುಟ್ಟಿಸುತ್ತದೆ. ಹೊಸ ತೊಂಬತ್ತು ಬಿದ್ದರೆ ಕಿಣ್ವ ಮತ್ತೆ ಎಥನಾಲಿಗೆ ತಿರುಗುತ್ತದೆ. ನೋವು ಹೋಗುವುದಿಲ್ಲ, ಮುಂದೂಡಲ್ಪಡುತ್ತದೆ, ಅದೂ ಬಡ್ಡಿ ಸಮೇತ. 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಜನರನ್ನು ಕೊಂದ ಕಳ್ಳಭಟ್ಟಿಯಲ್ಲಿದ್ದದ್ದು ಇದೇ ಮೆಥನಾಲ್. ಆ ಮಾತು ಬಂದಾಗ ಜಗಲಿಯಲ್ಲಿ ಯಾರೂ ನಗಲಿಲ್ಲ.

ಬ್ರ್ಯಾಂಡಿನ ನೆಪಕ್ಕೂ ಸ್ವಲ್ಪ ಆಧಾರವಿದೆ. 2010ರ ಅಮೆರಿಕದ ಅಧ್ಯಯನವೊಂದರಲ್ಲಿ, ಹುದುಗುವಾಗ ಮತ್ತು ಪೀಪಾಯಿಯಲ್ಲಿ ಮಾಗುವಾಗ ಹುಟ್ಟುವ ಸಣ್ಣಪುಟ್ಟ ರಾಸಾಯನಿಕಗಳು ವೋಡ್ಕಾಗಿಂತ 37 ಪಟ್ಟು ಹೆಚ್ಚಿರುವ ಬರ್ಬನ್ ಕುಡಿದವರು ಬೆಳಗ್ಗೆ ಹೆಚ್ಚು ನರಳಿದರು. ಆದರೆ ಗಮನ, ಚುರುಕುತನಗಳ ಪರೀಕ್ಷೆಯಲ್ಲಿ ಇಬ್ಬರೂ ಒಂದೇ ಸಮ ಹಿಂದೆ ಬಿದ್ದರು. ಬಿಯರಿನ ಮೇಲೆ ವೈನೋ ವೈನಿನ ಮೇಲೆ ಬಿಯರೋ ಎಂಬ ಮಹಾಪ್ರಶ್ನೆಯನ್ನು ಜರ್ಮನಿಯಲ್ಲಿ 90 ಜನರಿಗೆ ಕುಡಿಸಿ ಪರೀಕ್ಷಿಸಿ, ಯಾವುದು ಮೊದಲಾದರೂ ಬೆಳಗ್ಗೆ ಒಂದೇ ಎಂದು 2019ರಲ್ಲಿ ತೀರ್ಪು ಕೊಟ್ಟರು. ಮದ್ದುಗಳನ್ನೆಲ್ಲ ಜಾಲಾಡಿ 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಪರಿಶೀಲನೆ, ನಂಬಬಹುದಾದ ಒಂದೂ ಸಿಗಲಿಲ್ಲ ಎಂದಿತು. ನನ್ನ ಹೆಂಡತಿ ಕೊಡುವ ಮೆಣಸಿನ ಸಾರಿನ ಮೇಲೆ ಪ್ರಯೋಗ ನಡೆದಿಲ್ಲ. ಅದನ್ನು ಕುಡಿದವರು ವಾಸಿಯಾಗದಿದ್ದರೂ ಹಾಗೆಂದು ಹೇಳುವ ಧೈರ್ಯ ಮಾಡುವುದಿಲ್ಲ. ಪ್ಯಾರಾಸಿಟಮಾಲ್ ಮಾತ್ರ ಆ ಬೆಳಗ್ಗೆ ನಮ್ಮ ಮನೆಯಲ್ಲಿ ಸಿಗುವುದಿಲ್ಲ, ಮೊದಲೇ ದಣಿದ ಲಿವರಿನ ಮೇಲೆ ಅದನ್ನೂ ಹೇರಬಾರದು.

ನೀರು ಕುಡಿಯಬೇಕು, ನಿಜ. ಮೂತ್ರವನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಹಾರ್ಮೋನನ್ನು ಮದ್ಯ ಅದುಮುವುದರಿಂದ ರಾತ್ರಿಯಿಡೀ ಓಡಾಟ, ಬೆಳಗ್ಗೆ ಬಾಯೆಲ್ಲ ಒಣಗು. ನೀರಿನಿಂದ ದಾಹ ತೀರುತ್ತದೆ, ಉಳಿದದ್ದು ತೀರುವುದಿಲ್ಲ. ನೀಲಗಿರಿಯಲ್ಲಿ ಆ ನೀರಿಗೂ ತೊಡಕಿದೆ, ಪ್ಲಾಸ್ಟಿಕ್ ನೀರಿನ ಬಾಟಲಿಗೆ ಜಿಲ್ಲೆಯಲ್ಲಿ ನಿಷೇಧ. ಬ್ರಾಂದಿಯ ಬಾಟಲಿಗೆ ಹತ್ತು ರೂಪಾಯಿ ಮರಳಿ ಸಿಗುತ್ತದೆ, ನೀರಿನ ಬಾಟಲಿಗೆ ದಂಡ ಬೀಳುತ್ತದೆ.

ಮುಂದಿನ ಶನಿವಾರ ಬರುವವರಲ್ಲಿ ಕೋರಿಕೆ ಇಷ್ಟೇ. ನೀರಿಗೆ ಸ್ಟೀಲಿನ ಬಾಟಲಿ ತನ್ನಿ. ರಕ್ತದಲ್ಲಿ ನೂರು ಮಿಲಿಗೆ 30 ಮಿಲಿಗ್ರಾಂ ದಾಟಿದೆಯೇ ಎಂದು ಪೊಲೀಸರ ಮೆಷಿನ್ನು ಹೇಳಬಲ್ಲದು, ನಿಮ್ಮ ಕಿವಿಯೊಳಗಿನ ಪರದೆ ಯಾವ ಕಡೆ ಬಾಗಿದೆ ಎಂದು ಹೇಳಲಾರದು. ಆದ್ದರಿಂದ ಭಾನುವಾರ ಇಡೀ ದಿನ ಇಲ್ಲೇ ಮಲಗಿದ್ದು, ಕಲ್ಲಟ್ಟಿ ಘಾಟಿಯನ್ನು ಸೋಮವಾರ ಹತ್ತಿ. ಖಾಲಿ ಬಾಟಲಿಗಳನ್ನು ಜಗಲಿಯ ಮೂಲೆಯಲ್ಲೇ ಬಿಟ್ಟುಹೋಗಿ. ಆ ಹತ್ತತ್ತು ರೂಪಾಯಿ ನನ್ನ ಹೆಂಡತಿಗೆ ಸೇರಿದ್ದು.