ಸಿಸ್ಟಮ್ ಸಾಹೇಬರು

ಪ್ರತಿ ಆಫೀಸಿನಲ್ಲೂ ಒಬ್ಬ ಸಿಸ್ಟಮ್ ಸಾಹೇಬರಿರುತ್ತಾರೆ. ಸೊಂಟದಲ್ಲಿ ಸರ್ವರ್ ರೂಮಿನ ಬೀಗದ ಕೈ, ಕೊರಳಲ್ಲಿ ಐಡಿ ಕಾರ್ಡಿನ ಜೊತೆ ಪೆನ್‌ಡ್ರೈವ್, ಮುಖದಲ್ಲಿ ‘ಹೇಳಿದರೂ ನಿಮಗೆ ತಿಳಿಯೋದಿಲ್ಲ ಬಿಡಿ’ ಎಂಬ ಕರುಣೆ. ಏನೇ ಕೆಟ್ಟರೂ ತಪ್ಪು ಯಾರದೆಂದು ಅವರಿಗೆ ಮೊದಲೇ ಗೊತ್ತು. ಕೆಟ್ಟಿರುವುದು ಏನೆಂದು ತಿಳಿಯುವುದಷ್ಟೇ ಬಾಕಿ.

ನಮ್ಮ ಸಾಹೇಬರ ಕೈಗೆ ಎಲ್‌ಡ್ಯಾಪ್ ಸರ್ವರ್ ಸಿಕ್ಕಿತು. ಆಫೀಸಿನ ಅಷ್ಟೂ ಜನರ ಹೆಸರು, ಪಾಸ್‌ವರ್ಡ್ ಒಂದೇ ಕಡೆ ಇಡುವ ಏರ್ಪಾಡು. ‘ಇನ್ಮೇಲೆ ಎಲ್ಲದಕ್ಕೂ ಒಂದೇ ಲಾಗಿನ್ ಸಾರ್’ ಎಂದು ಮ್ಯಾನೇಜರಿಗೆ ಮಾತು ಕೊಟ್ಟು, ಓಪನ್‌ಎಲ್‌ಡ್ಯಾಪ್ ಹಾಕಿ, ಅಡ್ಮಿನ್ ಹೆಸರಲ್ಲಿ ಒಳಗೆ ಹೋಗಲು ನೋಡಿದರೆ ಎರರ್ 49: ಇನ್‌ವ್ಯಾಲಿಡ್ ಕ್ರೆಡೆನ್ಶಿಯಲ್ಸ್.

ಈ 49 ಬಾಯಿ ಬಿಡದ ಆಸಾಮಿ. ಪಾಸ್‌ವರ್ಡ್ ತಪ್ಪಾದರೂ 49, ಆ ಹೆಸರಿನವರೇ ಇಲ್ಲದಿದ್ದರೂ 49. ಸಾಲ ಕೊಟ್ಟವರು ಬಂದಾಗ, ಒಳಗಿದ್ದರೂ ಹೊರಗಿದ್ದರೂ ‘ಅಪ್ಪ ಇಲ್ಲ’ ಎನ್ನುವ ಹುಡುಗನ ಹಾಗೆ. ಬೇಕೆಂದೇ ಹಾಗೆ ಮಾಡಿದ್ದಾರೆ. ಯಾರಿದ್ದಾರೆ, ಯಾರಿಲ್ಲ ಎಂಬ ಸುಳಿವು ಕಳ್ಳನಿಗೆ ಸಿಗಬಾರದಲ್ಲ.

ತನಿಖೆ ಶುರುವಾಯಿತು. ಮೊದಲು ಕ್ಯಾಪ್ಸ್ ಲಾಕ್. ಆಮೇಲೆ ಫೈರ್‌ವಾಲ್, ಅದರ ಹೆಸರಲ್ಲಿ ನೆಟ್‌ವರ್ಕ್ ಹುಡುಗನಿಗೆ ಮಂಗಳಾರತಿ. 389ನೇ ಪೋರ್ಟ್ ಮುಚ್ಚಿದ್ದರೆ 49 ಎಂಬ ಉತ್ತರವೇ ಬರುತ್ತಿರಲಿಲ್ಲ. ಉತ್ತರ ಬಂತೆಂದರೆ ದಾರಿ ಸರಿಯಿದೆ ಎಂದೇ ಅರ್ಥ. ಇದನ್ನು ಸಾಹೇಬರಿಗೆ ಹೇಳುವವರು ಯಾರು? ಅಷ್ಟರಲ್ಲಿ ಅವರು ಅಕೌಂಟ್ಸ್‌ಗೆ ಹೋಗಿದ್ದರು.

‘ನೀವೇನಾದ್ರೂ ಮುಟ್ಟಿದ್ರಾ ಮೇಡಂ?’

‘ಟ್ಯಾಲಿ ಬಿಟ್ಟು ನಾನೇನೂ ಮುಟ್ಟಲ್ಲ ಸಾರ್.’

ಪಾಸ್‌ವರ್ಡನ್ನು ಫೈಲಿನಲ್ಲಿ ಬರೆದು ಲಾಗಿನ್ ಕಮಾಂಡಿಗೆ ಕೊಟ್ಟು ನೋಡಿದರು. ಫೈಲಿನ ಕೊನೆಗೆ ಒತ್ತಿದ ಎಂಟರನ್ನೂ ಆ ಕಮಾಂಡ್ ಪಾಸ್‌ವರ್ಡಿಗೇ ಸೇರಿಸಿಕೊಳ್ಳುತ್ತದೆ. ಅದೊಂದು ಹೊಸ ಪೀಡೆ. ಕೊನೆಗೆ ಸರ್ವರಿಗೆ ಊದುಬತ್ತಿ ಬೆಳಗಿ ಎಲ್ಲವನ್ನೂ ರೀಇನ್‌ಸ್ಟಾಲ್ ಮಾಡಿದರು, ಮಾಡಿ ಹಳೆಯ ಕಾನ್ಫಿಗ್ ಫೈಲನ್ನೇ ಜೋಪಾನವಾಗಿ ವಾಪಸ್ ಇಟ್ಟರು.

ಅವರು ಅನುಮಾನಿಸದೆ ಬಿಟ್ಟದ್ದು ಆ ಫೈಲನ್ನು ಮಾತ್ರ. ಸ್ವಂತ ಕೈಬರಹವಲ್ಲವೇ! ಕಾನ್ಫಿಗ್‌ಗೆ ಹೊಸ ಪದ್ಧತಿ ಬಂದು ಎಷ್ಟೋ ಕಾಲವಾದರೂ ಸಾಹೇಬರು ಸ್ಲ್ಯಾಪ್‌ಡಿ ಡಾಟ್ ಕಾನ್ಫ್ ಎಂಬ ಆ ಹಳೆಯ ಫೈಲನ್ನು ಬಿಟ್ಟವರಲ್ಲ. ಅದನ್ನೂ ಅಂದವಾಗಿ ಬರೆಯುತ್ತಾರೆ: ‘ಆಮೇಲೆ ಬದಲಿಸಬೇಕು’ ಎಂದೊಂದು ಕಾಮೆಂಟ್, ಅದರ ಕೆಳಗೆ ಎರಡು ಸ್ಪೇಸ್ ಬಿಟ್ಟು ಅಡ್ಮಿನ್ ಪಾಸ್‌ವರ್ಡಿನ ಸಾಲು. ಆ ಫೈಲಿನ ಕಾನೂನೇ ಬೇರೆ. ಸ್ಪೇಸಿನಿಂದ ಶುರುವಾದ ಸಾಲು ಮೇಲಿನ ಸಾಲಿನ ಮುಂದುವರಿಕೆ, ಮೇಲಿನದು ಕಾಮೆಂಟಾಗಿದ್ದರೂ ಸರಿಯೇ. ಪಾಸ್‌ವರ್ಡ್ ಕಾಮೆಂಟಿನ ಹೊಟ್ಟೆ ಸೇರಿತ್ತು. ಸರ್ವರಿನ ಪಾಲಿಗೆ ಅಂಥದೊಂದು ಇರಲೇ ಇಲ್ಲ.

ಹೊಸದಾಗಿ ಸೇರಿದ ಟ್ರೇನಿ ಹುಡುಗಿ ಆ ಎರಡು ಸ್ಪೇಸ್ ಅಳಿಸಿದಳು. ರೀಸ್ಟಾರ್ಟ್ ಆಯಿತು, ಲಾಗಿನ್ನೂ ಆಯಿತು. ಸಾಹೇಬರು ಕುರ್ಚಿಗೊರಗಿ, ‘ಸಣ್ಣ ಪ್ರಾಬ್ಲಂ ಅಂತ ನಾನು ಆಗಲೇ ಹೇಳಲಿಲ್ವೇನಮ್ಮ?’ ಎಂದರು.

ಮ್ಯಾನೇಜರಿಗೆ ಹೋದ ಮೇಲ್‌ನಲ್ಲಿ ದೋಷ ಫೈರ್‌ವಾಲಿನದೆಂದೇ ಇದೆ.